‘ಯಾರ ಸಲುವಾಗಿ?’ ಎಂದು ಕೇಳುತ್ತಿದ್ದ ಅಂಗಡಿ

ಕಳೆದ ವಾರ ಬಿಬವೇವಾಡಿಯಲ್ಲಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಗೆ ಹೋಗಿ ಹಿಂದಿರುಗುತ್ತಿದ್ದೆ. ಗಲ್ಲಿಯ ತಿರುವಿನಲ್ಲಿ ಗಣಪತಿ ಮಂಡಳದವರು ತಗಡಿನ ಚಪ್ಪರ ಹಾಕಿದ್ದರು. ಅದರೊಳಗಿಂದ, ಬಿಸಿ ತಂತಿಯಲ್ಲಿ ಥರ್ಮೋಕೋಲ್ ಕೊಯ್ಯುವಾಗ ಏಳುವ ಕಮಟು ವಾಸನೆ ಬಂತು. ಅಲಂಕಾರಕ್ಕೆ ಥರ್ಮೋಕೋಲ್ ಬಳಸಬಾರದೆಂದು ಈ ರಾಜ್ಯದಲ್ಲಿ ನಿಷೇಧ ಬಂದು ವರ್ಷಗಳಾಗಿವೆ. ನಾನು ನಿಂತು ಅದನ್ನು ಹೇಳಿದೆ. ತಂತಿ ಹಿಡಿದಿದ್ದ ಯುವಕ, ‘ಪುಢಚ್ಯಾ ವರ್ಷೀ ನಾಹೀ, ಮಾವಶೀ’ ಎಂದ. ಮುಂದಿನ ವರ್ಷ ಖಂಡಿತ ಇಲ್ಲ ಎಂದು ವಿನಯದಿಂದಲೇ ಹೇಳಿ, ಕೊಯ್ಯುವುದನ್ನು ಮುಂದುವರಿಸಿದ. ನನಗೆ ಸಿಟ್ಟು ಬರಲಿಲ್ಲ. ಕೋವಿಡ್‌ಗೆ ಕೆಲವು ವರ್ಷ ಮುಂಚೆ, ಇದೇ ಗಲ್ಲಿಯಲ್ಲಿ, ಇದೇ ವಾಸನೆಯ ನಡುವೆ ಕಳೆದ ಒಂದು ಮಳೆಗಾಲ ಕಣ್ಣ ಮುಂದೆ ಬಂದು ನಿಂತಿತ್ತು.

ಆ ವರ್ಷ ನಾವು ಕೆಲವರು ಸೇರಿ ಸರ್ಕಾರದಿಂದ ಒಂದು ಕಾನೂನನ್ನು ಬೇಡುತ್ತಿದ್ದೆವು. ಕೊಲೆ, ಚಿತ್ರಹಿಂಸೆ, ಹೆಂಗಸರ ಮೇಲಿನ ದೌರ್ಜನ್ಯಗಳನ್ನೇ ಆಟವನ್ನಾಗಿ ಮಾಡಿದ ವಿಡಿಯೋ ಗೇಮುಗಳನ್ನು ಹದಿನೆಂಟು ತುಂಬದವರಿಗೆ ಮಾರಬಾರದು ಎಂಬುದಷ್ಟೇ ನಮ್ಮ ಬೇಡಿಕೆ. ಸಿನಿಮಾಕ್ಕೆ ಪ್ರಮಾಣಪತ್ರವಿತ್ತು, ಸಿಗರೇಟಿಗೆ ವಯಸ್ಸಿನ ಮಿತಿಯಿತ್ತು. ಆದರೆ ಈ ಆಟಗಳ ಡಬ್ಬಿಯ ಮೂಲೆಯಲ್ಲಿ ಬೇರೆ ಯಾವುದೋ ದೇಶದವರು ಅಚ್ಚು ಹಾಕಿದ ‘18’ ಎಂಬ ಅಂಕಿಗೆ ನಮ್ಮಲ್ಲಿ ಚಿಕ್ಕಾಸಿನ ಬೆಲೆಯಿರಲಿಲ್ಲ. ಕೆಲವು ದೇಶಗಳಲ್ಲಿ ಅದನ್ನು ಮೀರಿ ಮಾರಿದವರಿಗೆ ಶಿಕ್ಷೆಯಿದೆ ಎಂದೂ, ಬೇರೆ ಕಡೆ ಅಭಿವ್ಯಕ್ತಿ ಸ್ವಾತಂತ್ರ್ಯದ ಹೆಸರಿನಲ್ಲಿ ನ್ಯಾಯಾಲಯಗಳೇ ಅಂಥ ಕಾನೂನನ್ನು ತಳ್ಳಿಹಾಕಿವೆ ಎಂದೂ ನಮಗೆ ಗೊತ್ತಿತ್ತು. ಆಟವಾಡಿದ ಮಗು ನಾಳೆ ಕೊಲೆಗಾರನಾಗುತ್ತದೆ ಎಂದು ನಾನು ಯಾವ ವೇದಿಕೆಯಲ್ಲೂ ಹೇಳಿಲ್ಲ. ಆ ವಿಷಯದಲ್ಲಿ ವಿದ್ವಾಂಸರಲ್ಲೇ ಒಮ್ಮತವಿಲ್ಲ. ನಾನು ಹೇಳುತ್ತಿದ್ದುದು ಇಷ್ಟೇ: ದೊಡ್ಡವರಿಗೆಂದು ಮಾಡಿದ ವಸ್ತುವನ್ನು ಮಕ್ಕಳಿಗೆ ಮಾರಿ ಲಾಭ ಮಾಡುವುದು ಅನ್ಯಾಯ. ಆ ಅನ್ಯಾಯದಲ್ಲಿ ಪಾಲುದಾರರು ಹಲವರಿದ್ದರು. ತಯಾರಿಸಿದ ಕಂಪನಿ, ತರಿಸಿದ ವ್ಯಾಪಾರಿ, ಮಕ್ಕಳ ಮೈದಾನಗಳನ್ನು ನುಂಗಿ ಪಾರ್ಕಿಂಗ್ ಮಾಡಿದ ಬಿಲ್ಡರು, ಅದಕ್ಕೆ ಒಪ್ಪಿಗೆಯ ಮೊಹರು ಒತ್ತಿದ ಮಹಾನಗರಪಾಲಿಕೆ, ಆಟದ ಪಿರಿಯಡನ್ನು ಗಣಿತಕ್ಕೆ ಕೊಟ್ಟ ಶಾಲೆ. ನಮ್ಮ ಮನವಿಯಲ್ಲಿ ಇವರೆಲ್ಲರ ಹೆಸರನ್ನೂ ಬರೆಯಬೇಕೆಂದು ನಾನು ಹಠ ಹಿಡಿದಿದ್ದೆ. ನಮ್ಮ ಸಮಿತಿಯ ಅಧ್ಯಕ್ಷೆ ವಸುಧಾತಾಯಿ, ನಿವೃತ್ತ ಮುಖ್ಯೋಪಾಧ್ಯಾಯಿನಿ, ಕೆಂಪು ಪೆನ್ನು ಹಿಡಿದು ಪ್ರತಿ ಸಲವೂ ಒಂದೊಂದನ್ನು ಹೊಡೆದುಹಾಕುತ್ತಿದ್ದರು. ‘ಎಲ್ಲರ ಮೇಲೂ ಒಟ್ಟಿಗೇ ಬಿದ್ದರೆ ಯಾರೂ ಏಳುವುದಿಲ್ಲ’ ಎಂಬುದು ಅವರ ಮರಾಠಿ ವಾಕ್ಯದ ತಾತ್ಪರ್ಯ.

ನನ್ನ ಬಗ್ಗೆ ಒಂದು ಮಾತು ಹೇಳಬೇಕು. ನಾನು ಧಾರವಾಡದವಳು. ಮಕ್ಕಳನ್ನು ಹೊಡೆಯದ, ಮಕ್ಕಳ ಅಭಿಪ್ರಾಯ ಕೇಳಿಯೇ ನಿಯಮ ಮಾಡುವ ಒಂದು ಶಾಲೆಯಲ್ಲಿ ಕಲಿತವಳು. ಮದುವೆಯಾಗಿ ಪುಣೆಗೆ ಬಂದು, ಧನಕವಡಿಯ ಕಾಲೇಜೊಂದರಲ್ಲಿ ಸಮಾಜಕಾರ್ಯ ಪಾಠ ಮಾಡುತ್ತಿದ್ದೆ. ಹೊರಗೆ ಮರಾಠಿ, ಮನೆಯಲ್ಲಿ ಧಾರವಾಡದ ಮಾತು, ಬರೆಯುವುದು ಪುಸ್ತಕದ ಕನ್ನಡ. ಬಿಬವೇವಾಡಿಯ ಕನ್ನಡಿಗರ ನಡುವೆ ಸಹಿ ಸಂಗ್ರಹಿಸುವ ಕೆಲಸ ಸಹಜವಾಗಿಯೇ ನನ್ನ ಪಾಲಿಗೆ ಬಂದಿತ್ತು.

ಸಹಿಗಳು ಬೇಗ ಬಂದವು. ಬರದೆ ಉಳಿದದ್ದು ಒಂದೇ, ಉದಾಹರಣೆ. ನಮ್ಮ ಕ್ಷೇತ್ರದ ಶಾಸಕರನ್ನು, ಅಂದರೆ ಇಲ್ಲಿಯವರು ಕರೆಯುವಂತೆ ಆಮದಾರರನ್ನು, ನಾವು ಆಷಾಢದಲ್ಲಿ ಭೇಟಿಯಾದಾಗ ಅವರು ನಮ್ಮ ಕರಡನ್ನು ತಿರುವಿ ಒಂದೇ ಪ್ರಶ್ನೆ ಕೇಳಿದ್ದರು: ಇದನ್ನು ಪಾಲಿಸುವ ಒಂದಾದರೂ ಅಂಗಡಿ ಇದೆಯೇ? ಬಂದ ಗಿರಾಕಿಯನ್ನು ವಾಪಸು ಕಳಿಸಿಯೂ ಬಾಗಿಲು ತೆರೆದಿರುವ ಅಂಗಡಿಯನ್ನು ತೋರಿಸಿ, ಆಮೇಲೆ ಸದನದಲ್ಲಿ ಮಾತನಾಡುವುದು ನನಗೆ ಬಿಡಿ. ಹೀಗೆ ನಮ್ಮ ಕಾನೂನಿನ ಹಣೆಬರಹ ಒಂದು ಅಂಗಡಿಯ ಮೇಲೆ ನಿಂತಿತು. ಆ ಅಂಗಡಿ ಮಹಾಂತೇಶ ಉಪ್ಪಿನರದು.

ಉಪ್ಪಿನರು ಬೈಲಹೊಂಗಲದ ಕಡೆಯವರು. ಗಣಪತಿ ಮಂಡಳದ ಚಪ್ಪರದ ಎದುರಿಗೇ ಅವರ ಅಂಗಡಿ. ಅರ್ಧದಲ್ಲಿ ಮೊಬೈಲು ರಿಪೇರಿ, ಇನ್ನರ್ಧದಲ್ಲಿ ಆಟದ ಡಿಸ್ಕುಗಳು. ಹೊಸವು ಕಡಿಮೆ, ಬಳಸಿದವು ಹೆಚ್ಚು. ಗೋಡೆಗೆ ಒಂದು ಟಿವಿ, ಅದರ ಮುಂದೆ ಒಂದು ಸ್ಟೂಲು. ಬಳಸಿದ ಡಿಸ್ಕಿನಲ್ಲಿ ಗೀರಿಲ್ಲವೆಂದು ಗಿರಾಕಿಗೆ ತೋರಿಸಲು ಅಲ್ಲೇ ಕೂರಿಸಿ ಒಂದಷ್ಟು ಹೊತ್ತು ಆಡಿಸಿ ಕೊಡುವುದು ಅವರ ರೂಢಿ. ಇನ್ನೊಂದು ರೂಢಿ ಅವರ ತಂದೆಯಿಂದ ಬಂದದ್ದು. ತಂದೆ ಊರಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಿದ್ದರಂತೆ. ಗಿರಾಕಿ ಬಂದು ಗಾದಿಯ ಮೇಲೆ ಕೂತೊಡನೆ, ಬಟ್ಟೆಯ ಥಾನು ಬಿಚ್ಚುವ ಮೊದಲು, ‘ಯಾರ ಸಲುವಾಗಿ?’ ಎಂದು ಕೇಳುವರಂತೆ. ಮದುಮಗಳಿಗೋ, ಬಾಣಂತಿಗೋ, ಮುತ್ತಜ್ಜಿಗೋ ಎಂದು ತಿಳಿಯದೆ ಬಟ್ಟೆ ತೋರಿಸುವುದು ಹೊತ್ತು ಹಾಳು. ಮಗ ಬಟ್ಟೆ ಬಿಟ್ಟು ಡಿಸ್ಕು ಹಿಡಿದರೂ ಆ ಪ್ರಶ್ನೆ ಬಾಯಲ್ಲೇ ಉಳಿದಿತ್ತು.

ನಾನು ಮೊದಲ ಸಲ ಹೋಗಿ ನಮ್ಮ ವಿಷಯ ಹೇಳಿದಾಗ ಅವರು ಸ್ಕ್ರೂಡ್ರೈವರ್ ಕೆಳಗಿಡಲಿಲ್ಲ.

‘ನಾ ಒಬ್ಬಾವ ಮಾರದಿದ್ರ ಎದುರಿನಂವ ಮಾರ್ತಾನ್ರಿ. ಹುಡುಗೂರಿಗೆ ರಸ್ತಾ ದಾಟ್ಲಿಕ್ಕೆ ಬರ್ತದ, ಬಾಯಾರ.’

‘ಅದಕ್ಕ ಎಲ್ಲಾರಿಗೂ ಒಂದ ಕಾನೂನ ಬೇಕು ಅನ್ನೋದ್ರಿ. ಅದು ಬರೋತನಕ ಒಬ್ಬರಾದ್ರೂ ಮಾಡಿ ತೋರಸ್ಬೇಕು.’

‘ಆ ಒಬ್ಬಾವ ನಾನ ಯಾಕ?’

‘ನೀವು ಹೆಂಗೂ ಕೇಳೇ ಕೇಳ್ತೀರಲ್ಲ, ಯಾರ ಸಲುವಾಗಿ ಅಂತ. ಉತ್ರಾ ಕೇಳಿದ ಮ್ಯಾಲೆ ಸುಮ್ಮನ ಕೊಟ್ಟಬಿಡ್ತೀರಿ, ಅಷ್ಟ.’

ಅವರು ಆಗ ಸ್ಕ್ರೂಡ್ರೈವರ್ ಕೆಳಗಿಟ್ಟರು. ಪಕ್ಕದಲ್ಲಿ ಮೊಬೈಲಿನ ಗಾಜು ಒರೆಸುತ್ತಿದ್ದ ಅವರ ಹೆಂಡತಿ ಗಿರಿಜಾ ತಲೆಯೆತ್ತಿ ಕೇಳಿದರು:

‘ನಿಮ್ಮ ಸಮಿತ್ಯಾಗ ಅಂಗಡಿ ಇಟ್ಟಾವ್ರು ಎಷ್ಟ ಮಂದಿ ಇದ್ದಾರ್ರಿ?’

‘ಯಾರೂ ಇಲ್ರಿ.’

‘ಅದಕ್ಕ ಮತ್ತ,’ ಎಂದು ಅವರು ಮತ್ತೆ ಒರೆಸತೊಡಗಿದರು.

ಆದರೂ ಉಪ್ಪಿನರು ಅಂಗಡಿಯಲ್ಲಿ ಫಲಕ ಹಾಕಲು ಒಪ್ಪಿದರು. ಗಿರಿಜಾ ಹಾಕಿದ ಷರತ್ತು ಒಂದು: ದೀಪಾವಳಿಯ ವ್ಯಾಪಾರಕ್ಕೆ ಮುಂಚೆ ಎಲ್ಲ ಲೆಕ್ಕ ನೋಡುವುದು, ಅಂಗಡಿಗೆ ತಾಳದು ಅನ್ನಿಸಿದರೆ ಫಲಕ ಇಳಿಸಿಬಿಡುವುದು. ‘18’ ಎಂದಿದ್ದ ಡಬ್ಬಿಗಳೆಲ್ಲ ಕಪಾಟಿನ ಮೇಲಿನ ಸಾಲಿಗೆ ಹೋದವು. ಫಲಕವನ್ನು ಮರಾಠಿಯಲ್ಲಿ ವಸುಧಾತಾಯಿ ಬರೆಸಿಕೊಟ್ಟರು: ಹದಿನೆಂಟರೊಳಗಿನವರಿಗೆ ಮೇಲಿನ ಸಾಲಿನ ಆಟಗಳು ಸಿಗುವುದಿಲ್ಲ. ದೊಡ್ಡವರು ಕೊಂಡರೂ ಅದು ಮಕ್ಕಳಿಗಾದರೆ ಕೊಡುವುದಿಲ್ಲ.

ಎರಡನೆಯ ಸಾಲು ನಮ್ಮ ಕರಡು ಕಾನೂನಿನಲ್ಲಿ ಇರಲಿಲ್ಲ. ಅದನ್ನು ಸೇರಿಸಬೇಕೆಂದು ನಾನು ಸಮಿತಿಯಲ್ಲಿ ವಾದಿಸಿದ್ದೆ. ಮಕ್ಕಳ ಕೈಗೆ ಈ ಡಬ್ಬಿಗಳು ಬಹುಮಟ್ಟಿಗೆ ತಲುಪುವುದು ತಂದೆಯರ ಕೈಯಿಂದಲೇ ಎಂಬುದು ಉಪ್ಪಿನರ ಅಂಗಡಿಯಲ್ಲಿ ಒಂದು ಭಾನುವಾರ ನಿಂತರೆ ಯಾರಿಗೂ ಗೊತ್ತಾಗುತ್ತಿತ್ತು. ಆದರೆ ಕೊಳ್ಳುವವನ ಮನಸ್ಸಿನಲ್ಲಿ ಏನಿದೆಯೆಂದು ಅಂಗಡಿಯವನು ಹೇಗೆ ಬಲ್ಲ, ಅಂಥ ಕಲಮು ಯಾವ ನ್ಯಾಯಾಲಯದಲ್ಲೂ ನಿಲ್ಲದು ಎಂದು ಕಾನೂನು ಬಲ್ಲವರು ಹೇಳಿದರು. ವಸುಧಾತಾಯಿಯ ಕೆಂಪು ಪೆನ್ನು ಅದರ ಮೇಲೂ ಹರಿಯಿತು.

ಶ್ರಾವಣದ ಮಳೆ ಆ ವರ್ಷ ಬಿಡದೆ ಹಿಡಿದಿತ್ತು. ಕಾತ್ರಜದ ಗುಡ್ಡದ ಕಡೆಯಿಂದ ಇಳಿದು ಬರುವ ಮೋಡ ಬಿಬವೇವಾಡಿಯ ಮೇಲೆ ಬಂದು ಕೂತರೆ ಇಡೀ ದಿನ ಏಳುತ್ತಿರಲಿಲ್ಲ. ಕಾಲೇಜು ಮುಗಿಸಿ, ಸೀರೆಯ ಅಂಚು ಹಿಂಡಿಕೊಂಡು ನಾನು ಉಪ್ಪಿನರ ಅಂಗಡಿಗೆ ಹೋಗುತ್ತಿದ್ದೆ. ಹುಡುಗರು ಬರುವರು, ಫಲಕ ಓದುವರು, ನಗುವರು, ರಸ್ತೆ ದಾಟುವರು. ಎದುರಿನ ಅಂಗಡಿಯವನು ತನ್ನ ಬಾಗಿಲಲ್ಲಿ ಪ್ಲಾಸ್ಟಿಕ್ ಹೊದಿಕೆ ಇಳಿಬಿಟ್ಟಿದ್ದ, ಕಾಯುವ ಗಿರಾಕಿಗಳು ನೆನೆಯದಿರಲೆಂದು.

‘ಬಾಯಾರ, ನಿಮ್ಮ ಪುಣ್ಯಾದಿಂದ ಅವನ ಮಗನ ಲಗ್ನ ಭಾಳ ಜೋರ ಆಗ್ತದ ನೋಡ್ರಿ,’ ಎನ್ನುವರು ಉಪ್ಪಿನರು. ಕುಹಕವಿರಲಿಲ್ಲ, ಸೋಲಿನ ದನಿಯೂ ಇರಲಿಲ್ಲ. ಒಮ್ಮೆ ಮಾತು ಕೊಟ್ಟ ಮೇಲೆ ಅದನ್ನು ತಮಾಷೆ ಮಾಡುತ್ತಲೇ ನಡೆಸುವ ಜಾಯಮಾನ ಅವರದು.

ಗಿರಿಜಾ ತಮಾಷೆ ಮಾಡುತ್ತಿರಲಿಲ್ಲ. ನಾನು ಹೋದಾಗ ಚಹಾ ಕೊಡುವರು, ಮೇಲಿನ ಸಾಲಿನಲ್ಲಿ ಕದಲದೆ ಕೂತ ಡಬ್ಬಿಗಳ ಮೇಲಿನ ಧೂಳು ನನಗೆ ಕಾಣುವಂತೆ ಒರೆಸುವರು.

ಇಷ್ಟರಲ್ಲಿ ಗಣಪತಿ ಹಬ್ಬ ಬಂತು. ಪುಣೆಯ ಮಂಡಳಗಳು ಮೂರ್ತಿ ಕೂರಿಸಿ ಸುಮ್ಮನಾಗುವುದಿಲ್ಲ. ಒಂದೊಂದು ಮಂಡಳವೂ ಒಂದು ‘ದೇಖಾವಾ’ ಮಾಡುತ್ತದೆ. ದೀಪ, ಧ್ವನಿ, ಬೊಂಬೆ, ಕೆಲವೊಮ್ಮೆ ಜೀವಂತ ಮನುಷ್ಯರೇ ನಿಂತು ತೋರಿಸುವ ದೃಶ್ಯ. ಪುರಾಣವಾದರೂ ಸರಿ, ವರದಕ್ಷಿಣೆ, ಭ್ರೂಣಹತ್ಯೆ, ಕಸದ ಸಮಸ್ಯೆಯಾದರೂ ಸರಿ. ಈ ಊರಿನಲ್ಲಿ ಒಂದು ಸಾಮಾಜಿಕ ಪ್ರಶ್ನೆ ಪ್ರಶ್ನೆಯೆನಿಸಿಕೊಳ್ಳುವುದೇ ಅದರ ಮೇಲೊಂದು ದೇಖಾವಾ ಬಂದ ಮೇಲೆ. ಉಪ್ಪಿನರ ಅಂಗಡಿಯ ಎದುರಿನ ಮಂಡಳದ ಅಧ್ಯಕ್ಷ ವಸುಧಾತಾಯಿಯ ಶಿಷ್ಯ. ಅವರು ಹೇಳಿದರು, ಅವನು ಒಪ್ಪಿದ, ನಾವೆಲ್ಲ ಹಿಗ್ಗಿದೆವು. ಥರ್ಮೋಕೋಲಿನಲ್ಲಿ ಒಂದು ಮನೆ, ಅದರಲ್ಲಿ ರಿಮೋಟು ಹಿಡಿದು ಕೂತ ಹುಡುಗನ ಬೊಂಬೆ. ಅವನ ಹಿಂದಿನ ದೊಡ್ಡ ಬಟ್ಟೆಯ ಮೇಲೆ ಆಟದೊಳಗಿನ ಬೀದಿ. ಆ ಬೀದಿಯಿಂದ ಹೊರಬಂದು, ಮಂಡಳದ ಇಬ್ಬರು ತರುಣರು ಕಟ್ಟಿಗೆಯ ಬಂದೂಕು ಹಿಡಿದು ಹುಡುಗನನ್ನೇ ಸುತ್ತುವರಿಯುವುದು. ಹೊಗೆ, ಕೆಂಪು ದೀಪ, ಆ ಹೊತ್ತಿಗೆ ಎಲ್ಲ ಅಂಗಡಿಗಳಲ್ಲೂ ಓಡುತ್ತಿದ್ದ ಹಳದಿ ಡಬ್ಬಿಯ ಆಟದಿಂದಲೇ ತೆಗೆದ ಗುಂಡಿನ ಸದ್ದು. ಕೊನೆಯಲ್ಲಿ ಎಲ್ಲ ಕತ್ತಲಾಗಿ, ಒಬ್ಬ ತಾಯಿಯ ಧ್ವನಿ ಪಾಲಕರಿಗೆ ಮೊರೆಯಿಡುವುದು.

ಮೊದಲ ದಿನವೇ ಸಾಲು ರಸ್ತೆಯ ತುದಿಗೆ ಮುಟ್ಟಿತು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸಂತೋಷಪಟ್ಟೆವು. ಎರಡನೆಯ ದಿನ ಗಮನಿಸಿದೆವು: ಸಾಲಿನಲ್ಲಿದ್ದವರಲ್ಲಿ ಮಕ್ಕಳೇ ಹೆಚ್ಚು, ಅದೂ ಆಗಲೇ ಒಮ್ಮೆ ನೋಡಿ ಹೋದ ಮಕ್ಕಳೇ. ತಾಯಿಯ ಧ್ವನಿ ಶುರುವಾದೊಡನೆ, ಗುಂಡು ಮುಗಿಯಿತೆಂದು ಅವು ಎದ್ದು ಓಡಿ ಮತ್ತೆ ಸಾಲಿನ ಹಿಂದೆ ನಿಲ್ಲುತ್ತಿದ್ದವು. ಮೂರನೆಯ ದಿನದಿಂದ ಗುಂಪು ನೇರವಾಗಿ ಉಪ್ಪಿನರ ಅಂಗಡಿಗೆ ಬರತೊಡಗಿತು.

‘ದೇಖಾವ್ಯಾತ್ಲಾ ಗೇಮ ದ್ಯಾ,’ ದೇಖಾವಾದಲ್ಲಿರುವ ಆಟ ಕೊಡಿ.

ಹಿಂಸೆಯನ್ನು ಖಂಡಿಸಲು ಹೊರಟ ನಾವು ಹಿಂಸೆಗೇ ದೀಪ ಹಾಕಿಸಿ, ಹೊಗೆ ಬಿಡಿಸಿ, ಪುಕ್ಕಟೆ ಜಾಹೀರಾತು ಮಾಡಿದ್ದೆವು. ಮಿತಿಮೀರಿದ ಧ್ವನಿವರ್ಧಕವೂ ನಮ್ಮದೇ. ಇದನ್ನು ಸಮಿತಿಯಲ್ಲಿ ಬಾಯಿಬಿಟ್ಟು ಹೇಳಿದಾಗ ವಸುಧಾತಾಯಿ ಒಪ್ಪಲಿಲ್ಲ. ಜಾಗೃತಿ ಎಂದರೆ ಮೊದಲು ಜನ ಸೇರುವುದು ಎಂದರು. ಹೆಚ್ಚು ಬೆಲೆ ತೆತ್ತವರು ಉಪ್ಪಿನರು. ಮಕ್ಕಳನ್ನು ವಾಪಸು ಕಳಿಸುವುದು ಒಂದು ಬಗೆ. ಮಕ್ಕಳ ಕೈ ಹಿಡಿದು ಬಂದ, ಹೊಸ ಅಂಗಿ ತೊಟ್ಟ ತಂದೆಯರನ್ನು ಹಬ್ಬದ ದಿನ ವಾಪಸು ಕಳಿಸುವುದು ಇನ್ನೊಂದು. ‘ಯಾರ ಸಲುವಾಗಿ?’ ಎಂದರೆ ತಂದೆ ನಗುತ್ತ ಮಗನ ತಲೆ ಮುಟ್ಟುವನು. ‘ಹಂಗಾದ್ರ ಇಲ್ರಿ’ ಎಂದರೆ ನಗು ಹೋಗುವುದು. ಉಪ್ಪಿನರ ಹತ್ತಿರ ಮೊಬೈಲು ಕೊಳ್ಳುತ್ತಿದ್ದವರೂ ರಸ್ತೆ ದಾಟತೊಡಗಿದರು. ‘ಗಿರಾಕಿಗೆ ಸಂಸ್ಕಾರ ಕಲಿಸೋ ಅಂಗಡಿ’ ಎಂದು ಎದುರಿನವನು ಹೆಸರಿಟ್ಟ.

ಗೌರಿಯನ್ನು ಕಳಿಸಿದ ಮರುದಿನ ಸಂಜೆ ಆಮದಾರರು ಆರತಿಗೆ ಬಂದರು. ಜೊತೆಗೆ ಮೂರನೆಯ ತರಗತಿಯ ಮೊಮ್ಮಗಳು, ಒಂದಿಬ್ಬರು ಛಾಯಾಗ್ರಾಹಕರು. ಅವರು ಕೆಟ್ಟ ಮನುಷ್ಯರಲ್ಲ. ಆ ಬಡಾವಣೆಯ ವಾಚನಾಲಯ ಅವರ ಪ್ರಯತ್ನದಿಂದಲೇ ಆದದ್ದು. ವಸುಧಾತಾಯಿ ಅವರನ್ನು ಮೊದಲು ಅಂಗಡಿಗೆ ಕರೆತಂದರು. ಅವರು ಫಲಕವನ್ನು ಎರಡು ಸಲ ಓದಿದರು. ಉಪ್ಪಿನರ ಕೈ ಕುಲುಕಿದರು. ನಾವು ಕಾದಿದ್ದ ಉದಾಹರಣೆ ಅಲ್ಲಿ ಜೀವಂತವಾಗಿ ನಿಂತಿತ್ತು. ಹಬ್ಬ ಮುಗಿದ ಮೇಲೆ ಸದನದಲ್ಲಿ ಅದನ್ನು ಹೆಸರಿಸುತ್ತೇನೆ ಎಂಬ ಒಂದು ಮಾತು ಅವರ ಬಾಯಿಂದ ಬರಬೇಕಿತ್ತು, ಅಷ್ಟೇ.

ಆಗ ಮೊಮ್ಮಗಳು ಮೇಲಿನ ಸಾಲಿಗೆ ಬೆರಳು ತೋರಿಸಿ, ‘ಆಜೋಬಾ, ಮಲಾ ತೋ ಪಿವಳಾ ಪಾಹಿಜೆ,’ ಎಂದಳು. ಅಜ್ಜ, ನನಗೆ ಆ ಹಳದಿಯದು ಬೇಕು.

ಆಮದಾರರು ಕೈಯಾಡಿಸಿ, ಕೊಡಿ ಎಂಬಂತೆ ಸನ್ನೆ ಮಾಡಿದರು. ಉಪ್ಪಿನರು ಡಬ್ಬಿ ಇಳಿಸಿದರು, ಆದರೆ ಕೈಯಿಂದ ಬಿಡಲಿಲ್ಲ. ಮರಾಠಿಯಲ್ಲಿ, ಬಲು ಮೆತ್ತಗೆ ಕೇಳಿದರು:

‘ಕುಣಾಸಾಠೀ, ಸಾಹೇಬ?’ ಯಾರ ಸಲುವಾಗಿ.

ವಸುಧಾತಾಯಿ ನನ್ನ ಮೊಣಕೈ ಒತ್ತಿದರು. ಇವತ್ತೊಂದು ದಿನ ಬಿಟ್ಟುಬಿಡಲು ಹೇಳು ಎಂಬುದು ಅದರ ಅರ್ಥ. ನಾನು ಹೇಳಲಿಲ್ಲ. ಹೇಳಬಾರದು ಎಂಬ ಧೈರ್ಯದಿಂದಲ್ಲ, ಏನು ಮಾಡಬೇಕೆಂದು ತೋಚದೆ.

ಆಮದಾರರು ಫಲಕದ ಕಡೆ ನೋಡಿ, ಸಿಕ್ಕಿಬಿದ್ದವರಂತೆ ದೊಡ್ಡದಾಗಿ ನಕ್ಕರು. ‘ಮಾಝ್ಯಾಸಾಠೀ,’ ಎಂದರು. ನನಗಾಗಿಯೇ. ನಾನೇ ಆಡುವವನು. ಸುತ್ತಲಿದ್ದವರೂ ನಕ್ಕರು. ಹುಡುಗಿ ಮಾತ್ರ ನಗದೆ ಕತ್ತೆತ್ತಿ ಅಜ್ಜನ ಮುಖ ನೋಡಿದಳು.

ನಮ್ಮ ಕರಡಿನ ಪ್ರಕಾರ ಅಲ್ಲಿ ಯಾವ ತಪ್ಪೂ ನಡೆದಿರಲಿಲ್ಲ. ಫಲಕದ ಪ್ರಕಾರವೂ ಇಲ್ಲ. ಉಪ್ಪಿನರು ತಲೆಯಾಡಿಸಿ, ಡಬ್ಬಿ ತೆರೆದು, ಡಿಸ್ಕನ್ನು ಮಷೀನಿಗೆ ಹಾಕಿದರು. ಸ್ಟೂಲನ್ನು ಮುಂದಕ್ಕೆಳೆದರು.

‘ಬಸಾ ನಾ, ಸಾಹೇಬ. ಬಳಸಿದ ಮಾಲು. ಮನೆಗೆ ಹೋದ ಮೇಲೆ ಓಡಲಿಲ್ಲ ಅನ್ನಬಾರದು,’ ಎಂದು ಮರಾಠಿಯಲ್ಲಿ ಹೇಳಿದರು. ಯಾವ ಗಿರಾಕಿಗಾದರೂ ಅವರು ಹೇಳುತ್ತಿದ್ದ ಮಾತೇ.

ಕ್ಯಾಮರಾಗಳು ಎದುರಿಗಿದ್ದವು. ಆಮದಾರರು ಕೂತರು, ರಿಮೋಟು ಹಿಡಿದರು. ಪರದೆಯ ಮೇಲೆ ಒಂದು ಬೀದಿ ತೆರೆದುಕೊಂಡಿತು. ಮಳೆ ಬಂದು ನಿಂತ ಬೀದಿ. ಜನ ನಡೆದಾಡುತ್ತಿದ್ದರು; ಒಬ್ಬ ಹೆಂಗಸು ಕೈಚೀಲ ಹಿಡಿದು ರಸ್ತೆ ದಾಟುತ್ತಿದ್ದಳು. ಅವರಿಗೆ ಯಾವ ಗುಂಡಿ ಒತ್ತಬೇಕೆಂದು ತಿಳಿಯಲಿಲ್ಲ. ಮೊಮ್ಮಗಳು ಪಕ್ಕಕ್ಕೆ ಬಂದು ಅಜ್ಜನ ಬೆರಳನ್ನು ಹಿಡಿದು ಸರಿಯಾದ ಗುಂಡಿಯ ಮೇಲಿಟ್ಟಳು. ಸದ್ದಾಯಿತು. ಹೆಂಗಸು ಬಿದ್ದಳು.

‘ತೀ ಕೋಣ ಹೋತೀ?’ ಎಂದರು ಆಮದಾರರು. ಯಾರವಳು?

‘ಕೋಣೀ ನಾಹೀ, ಆಜೋಬಾ.’ ಯಾರೂ ಅಲ್ಲ, ಅಜ್ಜ. ಹುಡುಗಿ ಪರದೆಯಿಂದ ಕಣ್ಣು ಕೀಳದೆ, ಮಗ್ಗಿ ಒಪ್ಪಿಸುವ ದನಿಯಲ್ಲಿ ಮುಂದುವರಿಸಿದಳು: ತಲೆಗೆ ಹೊಡೆದರೆ ಬೇಗ ಸಾಯುತ್ತಾರೆ, ಬಿದ್ದವರ ಹತ್ತಿರ ಹೋಗಿ ಇನ್ನೊಮ್ಮೆ ಹೊಡೆಯಬೇಕು, ಆಗ ಅಂಕ ಜಾಸ್ತಿ.

‘ತುಲಾ ಕುಣೀ ಶಿಕವಲಂ?’ ನಿನಗೆ ಯಾರು ಕಲಿಸಿದರು?

‘ದಾದಾಕಡೆ ಆಹೆ. ತುಮ್ಹೀಚ ದಿಲಾತ.’ ಅಣ್ಣನ ಹತ್ತಿರ ಇದೆ, ನೀವೇ ಕೊಡಿಸಿದ್ದು.

ಬೀದಿಯಲ್ಲಿ ಬಿದ್ದ ಹೆಂಗಸು ಬಿದ್ದೇ ಇದ್ದಳು. ಉಳಿದವರು ಅವಳನ್ನು ಬಳಸಿಕೊಂಡು ಓಡುತ್ತಿದ್ದರು. ಆಮದಾರರು ರಿಮೋಟನ್ನು ಕೌಂಟರಿನ ಮೇಲೆ ಮೆಲ್ಲಗೆ ಇಟ್ಟರು, ಎದ್ದು ನಿಂತರು, ಅಂಗಿಯ ಅಂಚು ಸರಿಪಡಿಸಿಕೊಂಡರು. ಡಬ್ಬಿಯನ್ನು ಕೇಳಲಿಲ್ಲ. ನನ್ನ ಕೈಯಲ್ಲಿದ್ದ ಕರಡನ್ನು ತೆಗೆದುಕೊಂಡು ಕೇಳಿದರು, ಈ ಕಾಗದದ ಪ್ರಕಾರ ನಾನು ತಪ್ಪಿತಸ್ಥನೇ?

‘ನಾಹೀ,’ ಎಂದೆ. ಇಲ್ಲ.

‘ಮಗ ಕಾಯ ಉಪಯೋಗ, ಬಾಈ?’ ಹಾಗಾದರೆ ಏನು ಉಪಯೋಗ, ಎಂದು ಕೇಳಿ, ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು ಆರತಿಗೆ ಹೋದರು.

ಮರುದಿನದ ಪತ್ರಿಕೆಯಲ್ಲಿ ಛಾಯಾಚಿತ್ರ ಬಂತು. ರಿಮೋಟು ಹಿಡಿದು ನಗುತ್ತಿರುವ ಆಮದಾರರು, ತರುಣರೊಡನೆ ಬೆರೆತು ಆಟ ಸವಿದರು ಎಂಬ ಅಡಿಬರಹ. ಫಲಕ ಚಿತ್ರದ ಚೌಕಟ್ಟಿನ ಹೊರಗಿತ್ತು. ಸದನದಲ್ಲಿ ಅವರು ನಮ್ಮ ವಿಷಯ ಎತ್ತಲಿಲ್ಲ, ಆ ಅಧಿವೇಶನದಲ್ಲೂ, ಮುಂದಿನದರಲ್ಲೂ. ನಾವು ಬೇಡಿದ ಕಾನೂನು ಇವತ್ತಿಗೂ ಬಂದಿಲ್ಲ. ಈಗ ಡಬ್ಬಿಯೂ ಇಲ್ಲ, ಡಿಸ್ಕೂ ಇಲ್ಲ. ಆಟಗಳು ನೇರವಾಗಿ ಫೋನಿಗೆ ಇಳಿಯುತ್ತವೆ. ಹದಿನೆಂಟು ಆಯಿತೇ ಎಂದು ಪರದೆ ಕೇಳುತ್ತದೆ, ಹೌದು ಎಂಬಲ್ಲಿ ಮಗುವಿನ ಬೆರಳು ತಾಗುತ್ತದೆ. ಇದನ್ನು ನಾನು ಈಗಲೂ ಅನ್ಯಾಯವೆಂದೇ ಕರೆಯುತ್ತೇನೆ, ಬರೆಯಬೇಕಾದ ಕಡೆಗೆಲ್ಲ ಬರೆಯುತ್ತೇನೆ.

ವಿಸರ್ಜನೆಯಾದ ಮೇಲೆ ನಾನು ಅಂಗಡಿಗೆ ಹೋದೆ. ಬೀದಿಯಲ್ಲಿ ಇನ್ನೂ ಗುಲಾಲಿನ ಕೆಸರು. ಉಪ್ಪಿನರನ್ನು ಬಿಡುಗಡೆ ಮಾಡಬೇಕೋ, ಚಳಿಗಾಲದ ಅಧಿವೇಶನದವರೆಗೆ ತಾಳಿ ಎಂದು ಕೇಳಬೇಕೋ ನನಗೇ ಸ್ಪಷ್ಟವಿರಲಿಲ್ಲ. ಗಿರಿಜಾ ನನಗೆ ಆ ತೊಂದರೆ ಕೊಡಲಿಲ್ಲ.

‘ದೀಪಾವಳಿತನಕ ಅಂದಿದ್ವಿ, ದೀಪಾವಳಿತನಕ ಇರ್ತದ. ಆದ್ರ ಇನ್ನ ಮ್ಯಾಲೆ ಐತವಾರ ನೀವ ಬಂದ ಕೂಡ್ರಬೇಕು. ಕೇಳೋದು ನೀವ ಕೇಳ್ರಿ. ಇವ್ರೊಬ್ರ ಮಂದಿ ಕಣ್ಣಾಗ ಕೆಟ್ಟಾಗೋದು ಸಾಕಾಗೇದ.’

‘ಬರ್ತೀನ್ರಿ,’ ಎಂದೆ.

‘ಬರೇ ಬಂದ್ರ ಆಗೂದಿಲ್ಲ. ಬೈಸ್ಕೋಬೇಕು.’

ಉಪ್ಪಿನರು ಒಂದು ಹೊಸ ಪದ್ಧತಿ ಹಾಕಿದ್ದರು. ‘ನನಗಾಗಿಯೇ’ ಎಂದು ಹೇಳುವ ಪ್ರತಿಯೊಬ್ಬರನ್ನೂ ಸ್ಟೂಲಿನ ಮೇಲೆ ಕೂರಿಸಿ ಆಡಿಸುವುದು. ಹೊಸ ಡಿಸ್ಕಾದರೂ ಸರಿ. ಹಾಗೆ ಆ ಹಿಂಗಾರಿನ ಭಾನುವಾರಗಳನ್ನು ನಾನು ಆ ಕೌಂಟರಿನ ಹಿಂದೆ ಕಳೆದೆ, ಮತ್ತು ಬೈಸಿಕೊಂಡೆ. ಬರುತ್ತಿದ್ದವರಲ್ಲಿ ತಳೇಗಾಂವ ದಾಭಾಡೆಯ ಕಾರ್ಖಾನೆಗಳಿಗೆ ಹೋಗುವವರು ಬಹಳ. ಮಕ್ಕಳು ಏಳುವ ಮೊದಲು ಕಂಪನಿಯ ಬಸ್ಸು ಹತ್ತಿ, ಮಕ್ಕಳು ಮಲಗಿದ ಮೇಲೆ ಇಳಿಯುವವರು. ವಾರಕ್ಕೊಮ್ಮೆ ತಂದೆಯಾಗುವ ಈ ಗಂಡಸರು ಆ ಒಂದು ದಿನ ಮಗುವಿಗೆ ಇಲ್ಲ ಎನ್ನಲಾರರು. ಅವರ ಹೊತ್ತನ್ನು ಕಸಿದುಕೊಂಡ ಪಾಳಿಯ ಪದ್ಧತಿಯೂ ನನ್ನ ಮನವಿಯಲ್ಲಿರಬೇಕಾದ ಹೆಸರು ಎಂದು ನನಗೆ ಅಲ್ಲೇ ಹೊಳೆಯಿತು. ಕೆಲವರು ಕೂತು, ಆಡಿ, ಕೊಂಡೇ ಹೋದರು. ಕೆಲವರು ಅರ್ಧಕ್ಕೇ ಎದ್ದರು. ‘ತುಮಚಾ ಕಾಯ ಸಂಬಂಧ?’ ನಿಮಗೇನು ಸಂಬಂಧ ಎಂದವರೇ ಹೆಚ್ಚು.

ದೀಪಾವಳಿಗೆ ಮುಂಚಿನ ಕೊನೆಯ ಭಾನುವಾರ. ಗುಡುಗು ಸಹಿತ ಮಳೆ. ಮೊಬೈಲಿನ ಕಡೆಗೂ ಗಿರಾಕಿಯಿರಲಿಲ್ಲ. ಎದುರಿನ ಅಂಗಡಿಯಲ್ಲಿ ಆಕಾಶಬುಟ್ಟಿಗಳು ತೂಗುತ್ತಿದ್ದವು. ಗಿರಿಜಾ ಒದ್ದೆ ಬಟ್ಟೆಯಿಂದ ಫಲಕದ ಕೆಳಗಿನ ಗೋಡೆ ಒರೆಸುತ್ತ, ‘ಸಂಜೀಕ ಸ್ಟೂಲ ಹಾಕ್ಕೊಂಡ ಇಳಸಿಬಿಡ್ತೀನ್ರಿ ಬಾಯಾರ. ನಿಮ್ಮ ಕಡೆಯಿಂದನೂ ಆತು, ನಮ್ಮ ಕಡೆಯಿಂದನೂ ಆತು,’ ಎಂದರು. ಉಪ್ಪಿನರು ಯಾವುದೋ ಫೋನಿನ ಹೊಟ್ಟೆಯೊಳಗೆ ಕಣ್ಣಿಟ್ಟಿದ್ದರು.

ಆಗ ಬಾಗಿಲಲ್ಲಿ ಕಾರು ನಿಂತು ಗುರುರಾಜ ಹುದ್ದಾರರು ಇಳಿದರು. ಧಾರವಾಡದವರು, ತಳೇಗಾಂವದ ಕಾರ್ಖಾನೆಯಲ್ಲಿ ಅಧಿಕಾರಿ, ನಮ್ಮ ಭಾಗದ ಕನ್ನಡ ಬಳಗದ ಕಾರ್ಯದರ್ಶಿ. ನಮ್ಮ ಮನವಿಗೆ ಮೊದಲ ಸಹಿ ಹಾಕಿದವರೂ ಅವರೇ. ಕಾರಿನ ಕಿಟಕಿಯಲ್ಲಿ ಮಗನ ಮುಖ ಕಾಣುತ್ತಿತ್ತು. ಹುದ್ದಾರರು ಛತ್ರಿ ಮಡಚುತ್ತ ಒಳಬಂದು, ‘ಆ ಹಳದಿ ಡಬ್ಬಿದೊಂದು...’ ಎನ್ನುತ್ತ ನನ್ನನ್ನು ನೋಡಿದರು.

‘ಅಯ್ಯ, ಬಾಯಾರ, ನೀವಿಲ್ಲಿ?’

‘ಹೌದ್ರಿ. ಐತವಾರ ನಂದ ಪಾಳಿ. ಯಾರ ಸಲುವಾಗ್ರಿ?’

ಅವರು ಫಲಕ ನೋಡಿದರು, ಹೊರಗಿನ ಕಾರು ನೋಡಿದರು. ‘ನನಗ್ರಿ,’ ಎಂದರು. ಸ್ವರ ಸಣ್ಣದಾಗಿತ್ತು.

‘ಹಂಗಾರ ಕೂಡ್ರಿ ಸಾಹೇಬ್ರ,’ ಎಂದು ಉಪ್ಪಿನರು ಫೋನು ಬಿಟ್ಟೆದ್ದು ಡಿಸ್ಕು ಹಾಕಿದರು.

ಹುದ್ದಾರರು ಕೂತರು. ಬೇರೆಯವರಂತೆ ಅವರು ರಿಮೋಟನ್ನು ತಡಕಾಡಲಿಲ್ಲ. ಯಂತ್ರ ಬಲ್ಲ ಮನುಷ್ಯ, ಬೇಗ ಕಲಿತರು. ಬೀದಿ ದಾಟಿದರು, ಒಂದು ಮನೆಯೊಳಗೆ ಹೋದರು. ಅಲ್ಲಿ ಒಬ್ಬ ಮುದುಕ ಮೊಣಕಾಲೂರಿ ಕೈಮುಗಿಯುತ್ತಾನೆ. ಅವನನ್ನು ಕೊಲ್ಲದೆ ಬಾಗಿಲು ತೆರೆಯುವುದಿಲ್ಲ. ನಾನು ಆ ಭಾಗವನ್ನು ಎಷ್ಟೋ ಜನರ ಹೆಗಲ ಹಿಂದಿನಿಂದ ನೋಡಿದ್ದೆ. ಹುದ್ದಾರರು ಮುದುಕನ ಸುತ್ತ ಒಂದು ಸುತ್ತು ಬಂದರು. ಬೇರೆ ದಾರಿ ಹುಡುಕಿದರು. ಗೋಡೆಗಳನ್ನೆಲ್ಲ ಮುಟ್ಟಿ ನೋಡಿದರು.

‘ಇವನ್ನ ಬಿಟ್ಟ ಹೋಗ್ಲಿಕ್ಕೆ ಆಗೂದಿಲ್ಲೇನ್ರಿ?’

‘ಇಲ್ರಿ,’ ಎಂದರು ಉಪ್ಪಿನರು. ‘ಮಾಡಿದಾವ್ರು ಇಟ್ಟಿಲ್ಲ.’

ಪರದೆಯ ಮೇಲೆ ಮುದುಕ ಕೈಮುಗಿದೇ ಇದ್ದ. ಹುದ್ದಾರರು ರಿಮೋಟನ್ನು ಉಪ್ಪಿನರ ಕೈಗೇ ಕೊಟ್ಟು ಎದ್ದರು. ‘ನಂದಲ್ರಿ ಅದು,’ ಎಂದು ನನಗೋ ತಮಗೋ ಹೇಳಿದರು. ‘ಅಂವಗ ಬರ್ತಡೇ. ಎಲ್ಲಾ ಗೆಳ್ಯಾರ ಹತ್ರ ಅದ ಅಂತ.’ ಛತ್ರಿಯನ್ನು ಬಿಡಿಸದೆಯೇ ಮಳೆಗೆ ಇಳಿದು ಹೋಗಿ ಕಾರಿನ ಬಾಗಿಲು ಹಾಕಿಕೊಂಡರು.

ಕಾರು ಈಗ ಹೊರಡುತ್ತದೆ, ರಸ್ತೆಯ ಆ ಬದಿಗೆ ತಿರುಗುತ್ತದೆ ಎಂದುಕೊಂಡೆ. ಅಲ್ಲಿ ಅದೇ ಡಬ್ಬಿ ಸಿಗುತ್ತಿತ್ತು, ಯಾರೂ ಏನೂ ಕೇಳುತ್ತಿರಲಿಲ್ಲ. ಕಾರು ಹೊರಡಲಿಲ್ಲ. ಗಾಜಿನ ಮೇಲೆ ನೀರು ಇಳಿಯುತ್ತಿತ್ತು. ಒಳಗೆ ಇಬ್ಬರ ತಲೆಗಳು ಒಂದರ ಕಡೆಗೊಂದು ತಿರುಗಿದ್ದು ಮಸುಕಾಗಿ ಕಾಣುತ್ತಿತ್ತು. ಮಗ ಕೈ ಎತ್ತಿ ಏನೋ ವಾದಿಸಿದ. ತಂದೆ ತಲೆಯಾಡಿಸಿದರು, ಮತ್ತೆ ಮಾತಾಡಿದರು.

ಗಿರಿಜಾ ಬಟ್ಟೆ ಹಿಂಡುತ್ತ ಬಾಗಿಲಿಗೆ ಬಂದು ನಿಂತರು. ‘ಯಾಕ್ರಿ, ಗಾಡಿ ಚಾಲೂ ಆಗವಲ್ದೇನು?’

‘ಮಾತಾಡ್ಲಿಕತ್ತಾರ್ರಿ,’ ಎಂದೆ.

ಅವರು ಬಹಳ ಹೊತ್ತು ನೋಡಿದರು. ಕಾರು ನಿಂತೇ ಇತ್ತು. ಆಮೇಲೆ ಗಿರಿಜಾ ಒಳಗೆ ಬಂದು, ಫಲಕದ ಕೆಳಗೆ ಎಳೆದುಕೊಳ್ಳಬೇಕೆಂದಿದ್ದ ಸ್ಟೂಲನ್ನು ಸೆರಗಿನಿಂದ ಒರೆಸಿ, ಟಿವಿಯ ಮುಂದಕ್ಕೆ, ಮುಂದಿನ ಗಿರಾಕಿ ಕೂರುವಂತೆ ಸರಿಸಿಟ್ಟರು.